ನೂರೆರಡು ಮೈಲಿಯ ಒಂದು ಕಾಲುದಾರಿ

ಇಂಗ್ಲೆಂಡಿನ ಭೂಗೋಳವನ್ನು ಶಾಲೆಗಳಲ್ಲಿ ಕಲಿಸುವಾಗ ಲಂಡನ್ ಪಟ್ಟಣ, ಥೇಮ್ಸ್ ನದಿ, ಒಂದು ಕಾಲದ ಕಲ್ಲಿದ್ದಲಿನ ಗಣಿಗಳು, ಬಟ್ಟೆಯ ಗಿರಣಿಗಳು ಇವಿಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಆ ದೇಶದ ಹಳ್ಳಿಗಳ ವಿಚಾರವಾಗಿ ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಸ್ವಲ್ಪ; ಹಳ್ಳಿಯಿಂದ ಹಳ್ಳಿಗೆ ಹೊಲಗಳ ನಡುವೆ ಹಾದುಹೋಗುವ ಕಾಲುದಾರಿಗಳ ವಿಚಾರವಾಗಿ ತಿಳಿದಿರುವುದು ಇನ್ನೂ ಸ್ವಲ್ಪ. ಆದರೆ ಆ ಜನರು ತಮ್ಮ ಕಾಲುದಾರಿಗಳನ್ನು ಉಳಿಸಿಕೊಂಡ ಬಗೆಯು ಅವರ ಗಿರಣಿಗಳ ಕಥೆಗಿಂತ ಕಡಮೆ ಮಹತ್ತ್ವದ್ದಲ್ಲ. ಆದುದರಿಂದ ಈ ಪಾಠದಲ್ಲಿ ಅಂಥದೊಂದು ದಾರಿಯನ್ನು ಆರಿಸಿಕೊಂಡು, ಭೂಪಟವನ್ನು ಮುಂದಿಟ್ಟುಕೊಂಡು, ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಗಿ ನೋಡೋಣ.

ನಾವು ಆರಿಸಿಕೊಂಡ ದಾರಿಗೆ ‘ಕಾಟ್ಸ್‌ವೋಲ್ಡ್ ವೇ’ ಎಂದು ಹೆಸರು. ಕಾಟ್ಸ್‌ವೋಲ್ಡ್ ಎಂಬುದು ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಗುಡ್ಡಗಳ ಸಾಲು. ಉತ್ತರದಲ್ಲಿ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಪೇಟೆಯಿಂದ ಹೊರಟು, ದಕ್ಷಿಣದಲ್ಲಿ ಬಾತ್ ನಗರದ ದೊಡ್ಡ ಇಗರ್ಜಿಯ ಬಾಗಿಲಿಗೆ ಈ ದಾರಿ ಮುಗಿಯುತ್ತದೆ. ಉದ್ದ 102 ಮೈಲಿ, ಎಂದರೆ 164 ಕಿಲೋಮೀಟರು. ಕಾಸರಗೋಡಿನಿಂದ ಮಂಗಳೂರಿಗೆ ಮೂರು ಸಲ ಹೋದರೆ ಆಗುವ ದೂರಕ್ಕಿಂತ ಇದು ತುಸು ಹೆಚ್ಚೆಂದು ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ನಡೆಯುವವರು ಇದನ್ನು ಏಳೆಂಟು ದಿನಗಳಲ್ಲಿ ಮುಗಿಸುವರು. ರಾತ್ರಿ ದಾರಿಯಲ್ಲಿ ಸಿಕ್ಕುವ ಹಳ್ಳಿಗಳಲ್ಲಿ ತಂಗುವರು. ದಾರಿ ತಪ್ಪದಂತೆ ಕಂಬಗಳಲ್ಲಿಯೂ ಗೇಟುಗಳಲ್ಲಿಯೂ ಓಕ್ ಮರದ ಕಾಯಿಯ ಚಿತ್ರವನ್ನು ಕೂರಿಸಿದ್ದಾರೆ. ಬಾಣದ ಗುರುತು ಹಳದಿಯಾದರೆ ಅದು ಕಾಲ್ನಡೆಯವರದು. ನೀಲಿಯಾದರೆ ಕುದುರೆಯ ಮೇಲೂ ಹೋಗಬಹುದು.

ಮೊದಲು ನೆಲದ ವಿಚಾರವನ್ನು ಸ್ವಲ್ಪ ತಿಳಿಯೋಣ. ಈ ಗುಡ್ಡಗಳು ಸುಣ್ಣಕಲ್ಲಿನವು. ಸುಮಾರು ಹದಿನಾರು ಹದಿನೇಳು ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚನೆಯ ಸಮುದ್ರವಿತ್ತು. ಅದರ ತಳದಲ್ಲಿ ಹೊರಳುತ್ತಿದ್ದ ಮರಳಿನ ಮತ್ತು ಚಿಪ್ಪಿನ ಚೂರುಗಳ ಸುತ್ತಲೂ ಸುಣ್ಣವು ಪದರ ಪದರವಾಗಿ ಕೂಡಿ ಸಾಸಿವೆಯಂಥ ಗುಂಡು ಕಾಳುಗಳಾದವು. ಆ ಕಾಳುಗಳು ಒತ್ತಿಕೊಂಡು ಕಲ್ಲಾದವು. ಒಡೆದ ಕಲ್ಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೀನಿನ ಮೊಟ್ಟೆಗಳ ಗೊಂಚಲಿನಂತೆ ಕಾಣುವುದು. ತರುವಾಯ ನೆಲವು ಓರೆಯಾಗಿ ಎದ್ದಿತು. ಆದುದರಿಂದ ಪಶ್ಚಿಮಕ್ಕೆ, ಸೆವರ್ನ್ ನದಿಯ ಕಡೆಗೆ, ಗುಡ್ಡವು ಕಡಿದು ನಿಲ್ಲಿಸಿದಂತೆ ಕಡಿದಾಗಿದೆ. ಪೂರ್ವಕ್ಕೆ, ಥೇಮ್ಸ್ ನದಿಯ ಕಡೆಗೆ, ಮೆಲ್ಲನೆ ಇಳಿದುಹೋಗುತ್ತದೆ. ನಮ್ಮ ದಾರಿಯು ಬಹುಮಟ್ಟಿಗೆ ಆ ಕಡಿದಾದ ಅಂಚನ್ನೇ ಹಿಡಿದು ಹೋಗುವುದು. ಅತ್ಯಂತ ಎತ್ತರದ ಜಾಗವಾದ ಕ್ಲೀವ್ ಹಿಲ್ ಕೇವಲ 330 ಮೀಟರು. ನಮ್ಮ ಪಶ್ಚಿಮಘಟ್ಟಗಳನ್ನು ಕಂಡವರಿಗೆ ಅದೊಂದು ಗುಡ್ಡೆಯೆನಿಸೀತು. ಆದರೆ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಹೋಗಬೇಕಾದುದರಿಂದ ಕಾಲಿಗೆ ಸಾಕಷ್ಟು ಕೆಲಸವಿರುತ್ತದೆ.

ನಮ್ಮ ಸೀಮೆಯಲ್ಲಿ ಮನೆ ಕಟ್ಟಲು ಕಾಲ ಕೆಳಗಿನ ಮುರಕಲ್ಲನ್ನೇ ಕಡಿದೆತ್ತುವಂತೆ, ಅಲ್ಲಿಯವರು ಕಾಲ ಕೆಳಗಿನ ಸುಣ್ಣಕಲ್ಲನ್ನೇ ಎತ್ತಿ ಮನೆ, ಇಗರ್ಜಿ, ದನದ ಕೊಟ್ಟಿಗೆ, ಹೊಲದ ಪಾಗಾರ ಎಲ್ಲವನ್ನೂ ಕಟ್ಟಿದರು. ಮಾಡಿಗೆ ಹೊದಿಸುವುದು ಕೂಡ ತೆಳ್ಳಗೆ ಸೀಳಿದ ಕಲ್ಲನ್ನೇ. ಉತ್ತರದ ಊರುಗಳಲ್ಲಿ ಕಲ್ಲು ಜೇನಿನ ಬಣ್ಣದ್ದು. ದಕ್ಷಿಣಕ್ಕೆ ಹೋದಂತೆ ಬಿಳುಪೇರುತ್ತ, ಬಾತ್ ನಗರದಲ್ಲಿ ಕೆನೆಯ ಬಣ್ಣಕ್ಕೆ ಬರುತ್ತದೆ. ನಡೆಯುವವನಿಗೆ ಇನ್ನು ಎಷ್ಟು ದೂರವಿದೆಯೆಂಬುದನ್ನು ಗೋಡೆಗಳ ಬಣ್ಣವೇ ಹೇಳುವುದೆಂದರೂ ತಪ್ಪಾಗದು.

ಹೊರಡುವ ಊರಾದ ಚಿಪ್ಪಿಂಗ್ ಕ್ಯಾಂಪ್ಡನ್ ಉಣ್ಣೆಯಿಂದ ಬೆಳೆದ ಊರು. ಕಾಟ್ಸ್‌ವೋಲ್ಡ್ ಕುರಿಯ ಉದ್ದನೆಯ ಉಣ್ಣೆಯನ್ನು ಮಧ್ಯಯುಗದಲ್ಲಿ ಸಮುದ್ರದಾಚೆಯ ನೇಕಾರರು ಬಯಸಿ ಕೊಳ್ಳುತ್ತಿದ್ದರು. 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ಉಣ್ಣೆಯ ವ್ಯಾಪಾರಿಯ ಮನೆಯು ಇಂದಿಗೂ ಪೇಟೆಯ ಬೀದಿಯಲ್ಲಿ ನಿಂತಿದೆ. 1627ರಲ್ಲಿ ಕಟ್ಟಿಸಿದ ಸಂತೆಯ ಮಂಟಪವೂ ಉಳಿದಿದೆ. ಮೂರುನಾಲ್ಕು ಶತಮಾನಗಳ ಜನರ ಕಾಲ್ತುಳಿತದಿಂದ ಅದರ ನೆಲದ ಕಲ್ಲುಗಳು ಏರುತಗ್ಗಾಗಿವೆ. ಉಣ್ಣೆಯ ವ್ಯಾಪಾರ ಕುಗ್ಗಿದಾಗ ಇಂಥ ಊರುಗಳು ಬಡವಾದವು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಹಣವಿರಲಿಲ್ಲ. ಈಗ ನೋಡಿದವರು ಮೆಚ್ಚುವ ಪ್ರಾಚೀನ ಶೋಭೆಯಲ್ಲಿ ಆ ಬಡತನದ ಪಾಲೂ ಉಂಟೆಂಬುದನ್ನು ಪ್ರವಾಸದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಈ ಊರಿಗೆ 1902ರಲ್ಲಿ ಸಿ. ಆರ್. ಆಶ್‌ಬೀ ಎಂಬವರು ಲಂಡನ್ನಿನ ಪೂರ್ವಭಾಗದಿಂದ ಕೈಗಾರಿಕೆಯ ಕುಶಲಿಗಳನ್ನು ಕುಟುಂಬಸಮೇತ ಕರೆತಂದು ನೆಲೆಗೊಳಿಸಿದರು. ಅವರ ಸ್ನೇಹಿತರಾಗಿದ್ದ ಆನಂದ ಕುಮಾರಸ್ವಾಮಿಯವರು ಒಂದು ಮೈಲಿ ದೂರದ ಬ್ರಾಡ್ ಕ್ಯಾಂಪ್ಡನ್ ಎಂಬ ಹಳ್ಳಿಯಲ್ಲಿ ಹಳೆಯ ಪ್ರಾರ್ಥನಾಮಂದಿರವೊಂದನ್ನು ಮನೆಯಾಗಿ ಮಾಡಿಕೊಂಡು ವಾಸಿಸಿದ್ದರು. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ದೊಡ್ಡ ಗ್ರಂಥವು 1908ರಲ್ಲಿ ಅಲ್ಲಿಯೇ ಕೈಮುದ್ರಣಯಂತ್ರದಲ್ಲಿ ಅಚ್ಚಾಯಿತು. ಭಾರತದ ಶಿಲ್ಪವನ್ನು ಜಗತ್ತಿಗೆ ವಿವರಿಸಿದ ಆ ಮಹನೀಯರ ಹೆಸರನ್ನು ದೊಡ್ಡ ತರಗತಿಯವರು ಕೇಳಿರಬಹುದು. ಇದೇ ಸೀಮೆಯಲ್ಲಿ, ನಮ್ಮ ದಾರಿಯಿಂದ ಪೂರ್ವಕ್ಕೆ ಕೆಲವು ಮೈಲಿಗಳಾಚೆ, ಸೆಜಿನ್‌ಕೋಟ್ ಎಂಬ ಬಂಗಲೆಯುಂಟು. ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಯಲ್ಲಿ ಹಣ ಗಳಿಸಿದ ಚಾರ್ಲ್ಸ್ ಕಾಕೆರೆಲ್ ಎಂಬಾತನಿಗಾಗಿ ಅವನ ಸಹೋದರನು 1805ರ ಸುಮಾರಿಗೆ ಅದನ್ನು ಮೊಗಲರ ಮಾದರಿಯ ಗುಮ್ಮಟವಿಟ್ಟು ಕಟ್ಟಿದನು. ಅದರ ತೋಟದಲ್ಲಿ ಸೂರ್ಯನಿಗೊಂದು ಗುಡಿ, ತೊರೆಯ ಸೇತುವೆಯ ಮೇಲೆ ನಂದಿಯ ವಿಗ್ರಹಗಳು! ಭಾರತದಲ್ಲೆಲ್ಲ ತಿರುಗಿ ಚಿತ್ರ ಬರೆದ ಥಾಮಸ್ ಡೇನಿಯಲ್ ಆ ತೋಟಕ್ಕೆ ಸಲಹೆಗಾರನಾಗಿದ್ದನು. ನಂದಿಯು ಶಿವನ ಎದುರಿಗಲ್ಲದೆ ಸೇತುವೆಯ ಮೇಲೆ ಕುಳಿತಿರುವುದನ್ನು ಕಂಡರೆ ನಮ್ಮ ಹಿರಿಯರಿಗೆ ನಗು ಬಂದೀತು.

ಕ್ಯಾಂಪ್ಡನ್ ಊರಿಗೆ ನಾಲ್ಕು ಮೈಲಿ ದೂರದಲ್ಲಿ ಹಿಡ್ಕೋಟ್ ಎಂಬ ತೋಟವಿದೆ. 1907ರಲ್ಲಿ ಒಬ್ಬ ತಾಯಿ ಆ ಭೂಮಿಯನ್ನು ಕೊಂಡಳು. ಮಗನಾದ ಲಾರೆನ್ಸ್ ಜಾನ್‌ಸ್ಟನ್ ಗಾಳಿ ಬೀಸುವ ಆ ಬೋಳುಗುಡ್ಡದ ಮೇಲೆ ಎತ್ತರದ ಗಿಡದ ಬೇಲಿಗಳನ್ನು ಬೆಳೆಸಿ, ಮನೆಗೆ ಕೋಣೆಗಳಿರುವಂತೆ ತೋಟಕ್ಕೆ ಹಸಿರು ಕೋಣೆಗಳನ್ನು ಮಾಡಿದನು. 1948ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿತು. ಇದೂ ದಾರಿಯ ಮೇಲಿಲ್ಲ. ಹೊರಡುವುದಕ್ಕೆ ಒಂದು ದಿನ ಮೊದಲೇ ಬಂದವರು ನೋಡಿಕೊಂಡು ಹೋಗುವರು.

ಇನ್ನು ಹೊರಡೋಣ. ಊರು ಬಿಟ್ಟೊಡನೆ ಡೋವರ್ಸ್ ಹಿಲ್ ಎಂಬ ಗುಡ್ಡ. ಅಲ್ಲಿ ರಾಬರ್ಟ್ ಡೋವರ್ ಎಂಬ ವಕೀಲನು 1612ರ ಸುಮಾರಿಗೆ ಆರಂಭಿಸಿದ ಆಟದ ಜಾತ್ರೆಯಲ್ಲಿ ಒಬ್ಬರ ಮೊಣಕಾಲ ಕೆಳಗೆ ಇನ್ನೊಬ್ಬರು ಒದೆಯುವ ಪಂದ್ಯವೂ ಒಂದು. ಮಕ್ಕಳು ಇದನ್ನು ಶಾಲೆಯ ಅಂಗಳದಲ್ಲಿ ಪ್ರಯೋಗಿಸದಿರಲಿ. ಅಲ್ಲಿಂದ ಮುಂದೆ 1798ರ ಬ್ರಾಡ್‌ವೇ ಗೋಪುರ, ಅದರ ಕೆಳಗೆ ಬ್ರಾಡ್‌ವೇ ಹಳ್ಳಿ, ಅನಂತರ ಸ್ಟಾಂಟನ್ ಎಂಬ ಪುಟ್ಟ ಊರು. ಈ ಊರುಗಳ ನಡುವೆ ದಾರಿಯು ಸರಕಾರದ ಜಾಗದಲ್ಲಿ ಹೋಗುತ್ತಿದೆಯೆಂದು ತಿಳಿಯಬಾರದು. ಅದು ಒಬ್ಬನ ಗೋಧಿಯ ಹೊಲದ ನಡುವೆ, ಇನ್ನೊಬ್ಬನ ಕುರಿಗಳು ಮೇಯುವ ಹುಲ್ಲುಗಾವಲಿನ ಮೇಲೆ, ಮತ್ತೊಬ್ಬನ ಕೊಟ್ಟಿಗೆಯ ಮಗ್ಗುಲಲ್ಲಿ ಹಾದುಹೋಗುತ್ತದೆ. ಬೇಲಿ ಬಂದಲ್ಲಿ ನಮ್ಮ ಕಡೆಯ ತಡಮೆಯಂಥ ಮರದ ಮೆಟ್ಟಿಲನ್ನೋ ತಾನಾಗಿ ಮುಚ್ಚಿಕೊಳ್ಳುವ ಗೇಟನ್ನೋ ಇಟ್ಟಿರುತ್ತಾರೆ. ನಡೆಯುವವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಇದು ಹೇಗಾಯಿತು? ಪಾಠದ ಮುಖ್ಯವಾದ ಮಾತು ಇಲ್ಲಿಯೇ ಇದೆ.

ಭೂಮಿ ಒಬ್ಬನದಾದರೂ ಅದರ ಮೇಲಿನ ದಾರಿ ಎಲ್ಲರದೂ ಆಗಬಹುದೆಂಬುದು ಇಂಗ್ಲೆಂಡಿನ ಹಳೆಯ ನ್ಯಾಯ. ಸಂತೆಗೆ, ಇಗರ್ಜಿಗೆ, ಗಿರಣಿಗೆ, ಪಕ್ಕದ ಊರಿನ ನಂಟರ ಮನೆಗೆ ಜನರು ತಲೆಮಾರುಗಳಿಂದ ತುಳಿದ ದಾರಿಯು ಜನರ ದಾರಿಯೆನಿಸುತ್ತಿತ್ತು. ಆದರೆ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳಿಂದ ಊರೊಟ್ಟಿನ ಗೋಮಾಳಗಳನ್ನೂ ಬಯಲುಗಳನ್ನೂ ಹಂಚಿ ಬೇಲಿ ಹಾಕಿದರು. ಕಾಟ್ಸ್‌ವೋಲ್ಡಿನಲ್ಲಿ ಇಂದು ಕಾಣುವ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪಾಗಾರಗಳಲ್ಲಿ ಹೆಚ್ಚಿನವು ಆ ಕಾಲದವು. ಅನೇಕ ದಾರಿಗಳು ಆಗ ಮುಚ್ಚಿಹೋದವು. ಬಡವರು ಬಹಳ ಕಳೆದುಕೊಂಡರು. ಬೇಟೆಯ ಹಕ್ಕಿಗಳನ್ನು ಸಾಕುವ ಧಣಿಗಳು ಗುಡ್ಡಗಳಿಗೆ ಕಾವಲುಗಾರರನ್ನಿಟ್ಟರು.

ಕಾರ್ಖಾನೆಯ ಊರುಗಳಲ್ಲಿ ವಾರವಿಡೀ ಹೊಗೆ ಕುಡಿದ ಕೆಲಸಗಾರರಿಗೆ ಭಾನುವಾರ ಗುಡ್ಡ ಹತ್ತುವುದೊಂದೇ ಆರಾಮವಾಗಿತ್ತು. ಇಂಗ್ಲೆಂಡಿನ ಉತ್ತರಕ್ಕೆ, ಡರ್ಬಿಷೈರಿನ ಕಿಂಡರ್ ಸ್ಕೌಟ್ ಎಂಬ ಗುಡ್ಡದ ಮೇಲೆ 1932ರ ಏಪ್ರಿಲ್ 24ರಂದು ಸುಮಾರು ನಾನೂರು ಮಂದಿ ಬೇಕೆಂದೇ ಕಾವಲನ್ನು ಮೀರಿ ನಡೆದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯಾಯಿತು. ಉಪ್ಪಿನ ಸತ್ಯಾಗ್ರಹ ನಡೆದು ಆಗ ಎರಡೇ ವರ್ಷಗಳಾಗಿದ್ದುವು. ಅದೇ 1932ರಲ್ಲಿ ಬಂದ ಕಾಯಿದೆಯೊಂದು, ಇಪ್ಪತ್ತು ವರ್ಷ ಎಡೆಬಿಡದೆ, ಅಡ್ಡಿಯಿಲ್ಲದೆ, ಹಕ್ಕಿನಿಂದೆಂಬಂತೆ ಜನರು ನಡೆದ ದಾರಿಯನ್ನು ಒಡೆಯನು ಸಾರ್ವಜನಿಕರಿಗೆ ಬಿಟ್ಟುಕೊಟ್ಟನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. 1949ರ ಕಾಯಿದೆಯು ಇನ್ನೂ ಮುಂದೆ ಹೋಯಿತು. ಪ್ರತಿಯೊಂದು ಜಿಲ್ಲೆಯ ಆಡಳಿತವೂ ತನ್ನ ಎಲ್ಲೆಯೊಳಗಿನ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಬರೆದಿಡಬೇಕೆಂದಿತು. ಆ ನಕ್ಷೆಯಲ್ಲಿ ಗೆರೆಯಿದ್ದರೆ ದಾರಿಯುಂಟು. ನ್ಯಾಯಸ್ಥಾನದಲ್ಲಿ ಬೇರೆ ಸಾಕ್ಷಿ ಬೇಡ. ಇಂಗ್ಲೆಂಡು ವೇಲ್ಸುಗಳಲ್ಲಿ ಇಂದು ಹೀಗೆ ದಾಖಲಾದ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ.

ಹಾಗೆಂದು ಹೊಲದವನಿಗೆ ಅನ್ಯಾಯ ಮಾಡಿದ್ದಾರೆಂದು ತಿಳಿಯಬೇಡಿ. ದಾರಿಯು ಹೊಲದ ನಡುವೆ ಹೋಗುವುದಾದರೆ ಆತನು ಅದನ್ನು ಉಳಬಹುದು. ಆದರೆ ಬೆಳೆಗಾಗಿ ಮೊದಲ ಸಲ ಉತ್ತಾಗ 14 ದಿನಗಳೊಳಗೆ, ಅನಂತರದ ಕೆಲಸಗಳಿಗೆ 24 ಗಂಟೆಗಳೊಳಗೆ, ಕಾಲುದಾರಿಯನ್ನು ಕಡಮೆಯೆಂದರೆ ಒಂದು ಮೀಟರು ಅಗಲಕ್ಕೆ ಸಮಮಾಡಿ ಕೊಡಬೇಕು. ನಡೆಯುವವನು ಗೆರೆ ಬಿಟ್ಟು ಪೈರು ತುಳಿಯುವಂತಿಲ್ಲ. ತೆರೆದ ಗೇಟನ್ನು ಮುಚ್ಚಿ ಹೋಗಬೇಕು. ಕುರಿಗಳಿರುವಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು. ನಮ್ಮ ಗದ್ದೆಯ ಕಟ್ಟಪುಣಿಯ ಮೇಲೆ ನಡೆಯುವವರಿಗೂ ಇಂಥ ಮರ್ಯಾದೆಗಳು ಹಿಂದಿನಿಂದ ತಿಳಿದಿದ್ದುವಷ್ಟೆ.

ಕಾಟ್ಸ್‌ವೋಲ್ಡ್ ದಾರಿಯೂ ಹೀಗೆಯೇ ರೂಪುಗೊಂಡಿತು. ಹೊಸದಾಗಿ ಕಡಿದ ರಸ್ತೆಯಲ್ಲ. ಇದ್ದ ಹಳ್ಳಿಯ ದಾರಿಗಳನ್ನೇ ಒಂದಕ್ಕೊಂದು ಜೋಡಿಸಿದುದು. 1950ರ ದಶಕದಲ್ಲಿ ಗ್ಲಾಸ್ಟರ್‌ಷೈರಿನ ನಡಿಗೆಯ ಸಂಘದವರು ಇದನ್ನು ಸೂಚಿಸಿದರು. 1970ರಲ್ಲಿ ಜಿಲ್ಲೆಯ ಆಡಳಿತವು ಮನ್ನಣೆ ಕೊಟ್ಟಿತು. ಇಡೀ ದೇಶದ ಮಾನ್ಯತೆಯ ರಾಷ್ಟ್ರೀಯ ದಾರಿಯಾಗಿ ತೆರೆದುದು 2007ರ ಮೇ ತಿಂಗಳಲ್ಲಿ. ಸೂಚನೆಯಿಂದ ಪೂರ್ಣತೆಗೆ ಅರ್ಧ ಶತಮಾನ ಹಿಡಿಯಿತೆಂದಾಯಿತು. ಮುಳ್ಳು ಸವರುವುದು, ಕುಸಿದ ಪಾಗಾರ ಎತ್ತುವುದು, ಮುದುಕರೂ ದಾಟುವಂತೆ ಮೆಟ್ಟಿಲುಗಳ ಬದಲಿಗೆ ಗೇಟುಗಳನ್ನಿಡುವುದು, ಇವುಗಳಲ್ಲಿ ಬಹುಪಾಲನ್ನು ಸ್ವಯಂಸೇವಕರು ಕೂಲಿಯಿಲ್ಲದೆ ಮಾಡುತ್ತಾರೆ.

ಈಗ ಮತ್ತೆ ನಡೆಯೋಣ. ಸ್ಟಾಂಟನ್ ಬಿಟ್ಟು ಹಳೆಯ ಓಕ್ ಮರಗಳ ನಡುವೆ ಹೋದರೆ ಸ್ಟಾನ್‌ವೇ ಎಂಬಲ್ಲಿ ದೊಡ್ಡ ಮನೆಯೊಂದರ ಎಸ್ಟೇಟು ಸಿಕ್ಕುತ್ತದೆ. ಅದರ ಹಿಂದಿನ ಇಳಿಜಾರಿನಲ್ಲಿ ಹದಿನೆಂಟನೆಯ ಶತಮಾನದ ನೀರಿನ ತೋಟವುಂಟು. ಮೇಲೆ ಒಂದು ಕೋನಾಕಾರದ ಕಟ್ಟಡ, ಅದರ ಕೆಳಗೆ ಹುಲ್ಲಿನ ನಡುವೆ ನೇರವಾದ ಕಾಲುವೆ. ಈ ತೋಟವು ಹಾಳುಬಿದ್ದು, ಮತ್ತೆ ಸರಿಗೊಂಡಿತು. 2004ರಲ್ಲಿ ಅಲ್ಲಿ 300 ಅಡಿ ಎತ್ತರಕ್ಕೆ ಚಿಮ್ಮುವ ಕಾರಂಜಿಯನ್ನು ಮಾಡಿದರು. ಅದನ್ನು ಎತ್ತಲು ಯಾವ ಪಂಪೂ ಇಲ್ಲ. ಗುಡ್ಡದ ನೆತ್ತಿಯ ಮೇಲೊಂದು ಕೊಳ. ಅಲ್ಲಿಂದ ಕೊಳವೆಯಲ್ಲಿ ಇಳಿದ ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಂಡು ಮೇಲೇಳುವುದು. ಕೊಳವೆಯ ಉಜ್ಜುವಿಕೆಯಿಂದಲೂ ಗಾಳಿಯ ತಡೆಯಿಂದಲೂ ಅದು ಕೊಳದ ಮಟ್ಟವನ್ನು ಎಂದೂ ಮುಟ್ಟಲಾರದು. ಎಂಟನೆಯ ತರಗತಿಯವರು ವಿಜ್ಞಾನದ ಪಾಠದಲ್ಲಿ ಓದಿದ ನಿಯಮವೇ ಇದು. ಗುಡ್ಡದ ಸುರಂಗದ ನೀರನ್ನು ಅಡಿಕೆಮರದ ದಂಬೆಯಲ್ಲಿ ತೋಟಕ್ಕೆ ಇಳಿಸಿಕೊಳ್ಳುವ ನಮ್ಮ ಕೃಷಿಕರಿಗೆ ಇದರ ಅರ್ಧಭಾಗ ಪುಸ್ತಕವಿಲ್ಲದೆಯೇ ಗೊತ್ತು.

ಮುಂದೆ ಹೇಲ್ಸ್ ಮಠದ ಅವಶೇಷ; 1246ರಲ್ಲಿ ಕಟ್ಟಿದ ಆ ಮಠವನ್ನು ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಮುಚ್ಚಿದರು. ಅದರಾಚೆ ವಿಂಚ್‌ಕೂಮ್ ಪೇಟೆ. ಪೇಟೆಯ ಮಗ್ಗುಲಿಗೆ ಸೂಡ್ಲಿ ಕೋಟೆಯೂ ಅದರ ಗುಲಾಬಿಯ ತೋಟವೂ ಇವೆ. ಅದೇ ಹೆನ್ರಿಯ ಆರನೆಯ ರಾಣಿ ಕ್ಯಾಥರೀನ್ ಪಾರ್‌ಳ ಸಮಾಧಿ ಅಲ್ಲಿನ ಇಗರ್ಜಿಯಲ್ಲಿದೆ. ಐದು ಸಾವಿರ ವರ್ಷಗಳಿಗೂ ಹಿಂದಿನ ಬೆಲಾಸ್ ನ್ಯಾಪ್ ಎಂಬ ಗೋರಿಯ ದಿಬ್ಬವನ್ನು ದಾಟಿ, ಕ್ಲೀವ್ ಹಿಲ್ ಹತ್ತಿ ಇಳಿದು, ಎರಡು ದಿನ ನಡೆದರೆ ಕೂಪರ್ಸ್ ಹಿಲ್. ಇಲ್ಲಿ ಮೇ ತಿಂಗಳ ಕೊನೆಯಲ್ಲಿ ಕಡಿದಾದ ಇಳಿಜಾರಿನ ಮೇಲಿಂದ ದುಂಡನೆಯ ಚೀಸಿನ ಗಟ್ಟಿಯನ್ನು ಉರುಳಿಬಿಟ್ಟು ಅದರ ಹಿಂದೆ ಜನರು ಓಡುವರು, ಹೆಚ್ಚಿನವರು ಉರುಳುವರು.

ಪೇನ್ಸ್‌ವಿಕ್ ಎಂಬ ಊರಿನಲ್ಲಿ ಮಾತ್ರ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಇಗರ್ಜಿಯ ಸುತ್ತಲೂ ಯೂ ಎಂಬ ಜಾತಿಯ ಮರಗಳನ್ನು ಕತ್ತರಿಸಿ ಗುಂಡಗೆ ನಿಲ್ಲಿಸಿದ್ದಾರೆ. ತೊಂಬತ್ತೊಂಬತ್ತೇ ಮರಗಳು, ನೂರನೆಯದನ್ನು ನೆಟ್ಟರೆ ಸೈತಾನನು ಬದುಕಗೊಡನೆಂದು ಊರವರ ಕಥೆ. ಎಣಿಸಿದರೆ ಈಗ ನೂರಕ್ಕೂ ಮೇಲಾಗುವುವು. ಆದರೂ ಕಥೆ ನಿಂತಿಲ್ಲ. ಊರಿನ ಹೊರಗೆ ಅರ್ಧ ಮೈಲಿಯಲ್ಲಿ ಒಂದು ಕಣಿವೆಯ ಮಡಿಲಲ್ಲಿ ಬೆಂಜಮಿನ್ ಹಯೆಟ್ ಎಂಬಾತನು 1740ರ ದಶಕದಲ್ಲಿ ಮಾಡಿಸಿದ ತೋಟವಿದೆ. ಆಗ ಯೂರೋಪಿನಲ್ಲಿ ‘ರೊಕೊಕೊ’ ಎಂಬ ಶೈಲಿ ಬಳಕೆಯಲ್ಲಿತ್ತು. ನೇರಗೆರೆಯ ಗಾಂಭೀರ್ಯವನ್ನು ಬಿಟ್ಟು ಡೊಂಕು, ವಿನೋದ, ಬಣ್ಣ ಇವುಗಳಿಗೆ ಎಡೆಕೊಡುವ ಶೈಲಿ ಅದು. ತೋಟದಲ್ಲಿ ಬೇಕೆಂದೇ ಎರಡು ಮಗ್ಗುಲೂ ಸಮನಾಗದಂತೆ ಕಟ್ಟಿದ ಕೆಂಪು ಮನೆ, ಮೀಯುವ ಕೊಳ, ನಡುವೆ ವಜ್ರಾಕೃತಿಯ ತರಕಾರಿಯ ಪಾತಿ. ತರಕಾರಿಯನ್ನು ಹೂವಿನಷ್ಟೇ ಮಾನ್ಯವಾಗಿ ನಡುವಿಗೆ ತಂದಿಟ್ಟುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ. 1748ರಲ್ಲಿ ಥಾಮಸ್ ರಾಬಿನ್ಸ್ ಎಂಬ ಚಿತ್ರಕಾರನು ಈ ತೋಟವನ್ನು ಮೇಲಿನಿಂದ ಹಕ್ಕಿ ಕಂಡಂತೆ ಒಂದು ಚಿತ್ರವಾಗಿ ಬರೆದನು.

ಕಾಲ ಕಳೆದಂತೆ ಶೈಲಿ ಹಳತಾಯಿತು. ಆಳುಗಳು ಸಿಕ್ಕದಾದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತೋಟದ ಜಾಗಕ್ಕೆ ಕಾಡುಮರಗಳನ್ನು ನೆಟ್ಟರು; ಮುಳ್ಳು ಬಳ್ಳಿಗಳು ಕಟ್ಟಡಗಳನ್ನು ನುಂಗಿದುವು. ಅಲ್ಲೊಂದು ತೋಟವಿತ್ತೆಂದು ಹೇಳಿದರೂ ನಂಬಲಾಗದ ಸ್ಥಿತಿ ಬಂದಿತು. ಆದರೆ ಚಿತ್ರ ಉಳಿದಿತ್ತು. 1970ರ ದಶಕದಲ್ಲಿ ರಾಬಿನ್ಸನ ಚಿತ್ರಗಳನ್ನು ಪ್ರದರ್ಶಿಸಿದಾಗ ತಿಳಿದವರ ಗಮನ ಅದರ ಮೇಲೆ ಬಿದ್ದಿತು. 1984ರಲ್ಲಿ ತೋಟದ ಒಡೆಯರು ಚಿತ್ರವನ್ನು ಎದುರಿಗಿಟ್ಟುಕೊಂಡು, ಕಾಡು ಕಡಿಸಿ, ನೆಲ ಅಗೆಸಿ, ದಾರಿಯಿದ್ದಲ್ಲಿ ದಾರಿ, ಕೊಳವಿದ್ದಲ್ಲಿ ಕೊಳ ಎಂದು ಒಂದೊಂದಾಗಿ ಮತ್ತೆ ನಿಲ್ಲಿಸತೊಡಗಿದರು. ಇಂದು ಅದು ಸಾರ್ವಜನಿಕರಿಗೆ ತೆರೆದ ತೋಟ. ಚಳಿಗಾಲದ ಕೊನೆಗೆ ಮರಗಳ ಬುಡದಲ್ಲಿ ಬಿಳಿಯ ಹೂಗಳು ನೆಲ ಕಾಣದಂತೆ ಅರಳುತ್ತವೆ. ಆಗ ನೋಡಲು ಬರುವವರೇ ಹೆಚ್ಚು. ಅಂಗೈಯಗಲದ ಒಂದು ಚಿತ್ರವಿಲ್ಲದೆ ಹೋಗಿದ್ದರೆ ಎಕರೆಗಟ್ಟಲೆ ತೋಟವು ಮರಳಿ ಬರುವ ಹಾಗಿರಲಿಲ್ಲ. ದಾರಿಗೆ ನಕ್ಷೆಯ ಗೆರೆ ಹೇಗೋ ಈ ತೋಟಕ್ಕೆ ಆ ಚಿತ್ರ ಹಾಗೆ.

ಪೇನ್ಸ್‌ವಿಕ್ಕಿನಿಂದ ದಕ್ಷಿಣಕ್ಕೆ ಸ್ಟ್ರೌಡ್ ಕಣಿವೆಗಳು. ತೊರೆಗಳ ನೀರಿನಿಂದ ನಡೆಯುತ್ತಿದ್ದ ಬಟ್ಟೆಯ ಗಿರಣಿಗಳು ಇಲ್ಲಿದ್ದುವು. ಬ್ರಿಟಿಷ್ ಸೈನಿಕರ ಕೆಂಪಂಗಿಯ ಬಟ್ಟೆಗೆ ಈ ಊರು ಹೆಸರಾಗಿತ್ತು. ಡರ್ಸ್ಲಿ ದಾಟಿದರೆ ನಾರ್ತ್ ನಿಬ್ಲಿ ಗುಡ್ಡದ ಮೇಲೆ 111 ಅಡಿಯ ಕಲ್ಲಿನ ಗೋಪುರ. ಬೈಬಲನ್ನು ಪಂಡಿತರ ಭಾಷೆಯಿಂದ ನೇಗಿಲು ಹಿಡಿಯುವವನ ಇಂಗ್ಲಿಷಿಗೆ ತಂದುದಕ್ಕಾಗಿ 1536ರಲ್ಲಿ ಕೊಲೆಗೀಡಾದ ವಿಲಿಯಂ ಟಿಂಡೇಲನ ನೆನಪಿಗೆ 1866ರಲ್ಲಿ ಅದನ್ನು ಕಟ್ಟಿದರು. ತಾಯ್ನುಡಿಯಲ್ಲಿ ಓದುವ ಅವಕಾಶಕ್ಕಾಗಿ ಹೀಗೂ ಒಬ್ಬನು ಪ್ರಾಣ ತೆತ್ತನೆಂಬುದನ್ನು ಗಡಿಯಾಚೆ ಕನ್ನಡ ಶಾಲೆ ನಡೆಸುವ ನಾವು ಓದದೆ ಮುಂದೆ ಹೋಗಲಾರೆವು.

ಓಲ್ಡ್ ಸಾಡ್‌ಬರಿಯ ಆಚೆ ದಾರಿಯು ಡಾಡಿಂಗ್‌ಟನ್ ಎಸ್ಟೇಟಿನೊಳಕ್ಕೆ ಹೋಗುತ್ತದೆ. 1764ರಲ್ಲಿ ‘ಕೇಪೆಬಿಲಿಟಿ’ ಬ್ರೌನ್ ಎಂದು ಪ್ರಸಿದ್ಧನಾದ ತೋಟಗಾರನು ಇದನ್ನು ರೂಪಿಸಿದನು. ಆತನ ಕಾಲಕ್ಕೆ ಮುಂಚೆ ಶ್ರೀಮಂತರ ತೋಟಗಳು ಅಳತೆಗೋಲಿನಿಂದ ಗೀಚಿದಂತಿದ್ದುವು. ಬ್ರೌನನು ಅವುಗಳನ್ನು ತೆಗೆದುಹಾಕಿ, ಏರಿಳಿಯುವ ಹುಲ್ಲು, ಅಲ್ಲಲ್ಲಿ ಮರಗಳ ಗುಂಪು, ಬಳುಕುವ ಕೆರೆ ಇವನ್ನು ಮಾಡಿ, ಮನುಷ್ಯನ ಕೈಯೇ ತಗಲಿಲ್ಲವೇನೋ ಎನ್ನಿಸುವಂತೆ ಮಾಡುತ್ತಿದ್ದನು. ಡಾಡಿಂಗ್‌ಟನ್ನಿನ ಒಡೆಯರಾಗಿದ್ದ ಕಾಡ್ರಿಂಗ್‌ಟನ್ ಮನೆತನದವರ ಸಂಪತ್ತು ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಿಂದ, ಗುಲಾಮರ ದುಡಿಮೆಯಿಂದ, ಬಂದುದು. ಹುಲ್ಲು ಎಷ್ಟು ಹಸುರಾಗಿದ್ದರೂ ಆ ಲೆಕ್ಕವನ್ನು ಬಿಟ್ಟು ಪಾಠ ಹೇಳುವುದು ಸರಿಯಲ್ಲ. ಆ ಮನೆ ಇಂದಿಗೂ ಖಾಸಗಿಯದು. ಟಿಕೆಟು ಕೊಂಡು ಒಳಗೆ ಹೋಗುವ ಕ್ರಮವಿಲ್ಲ. ಆದರೆ ಕಾಲುದಾರಿಯ ಹಕ್ಕಿರುವುದರಿಂದ ಬೆನ್ನಿಗೆ ಚೀಲ ಹಾಕಿದ ಯಾವ ಸಾಮಾನ್ಯನಾದರೂ ಬ್ರೌನನ ಹುಲ್ಲಿನ ನಡುವೆ ತಲೆಯೆತ್ತಿ ನಡೆದುಹೋಗಬಹುದು.

ಮರುದಿನ ಸಿಕ್ಕುವ ಡಿರಮ್ ಎಂಬಲ್ಲಿ ಇದರ ಇನ್ನೊಂದು ಮುಖ. ಮೂರನೆಯ ವಿಲಿಯಂ ದೊರೆಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಬ್ಲಾತ್‌ವೇಟ್ 1692ರಿಂದ 1704ರವರೆಗೆ ಇಲ್ಲಿ ಮನೆ ಕಟ್ಟಿಸಿ, ಡಚ್ಚರ ರೀತಿಯಲ್ಲಿ ಕಾಲುವೆ, ಕಾರಂಜಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು ಇವುಗಳ ತೋಟವನ್ನು ಮಾಡಿಸಿದನು. ನೂರು ವರ್ಷ ತುಂಬುವುದರೊಳಗೆ ಎಲ್ಲವೂ ಹುಲ್ಲಾಗಿತ್ತು. 1712ರಲ್ಲಿ ಅಚ್ಚಾದ ಕಿಪ್ ಎಂಬಾತನ ಕೆತ್ತನೆಯ ಚಿತ್ರದಿಂದ ಮಾತ್ರ ಅದರ ವೈಭವವನ್ನು ತಿಳಿಯಬೇಕು. ಗುಡ್ಡದ ಮೇಲೆ ಜಲದೇವತೆಯಾದ ನೆಪ್ಚೂನನ ಕಲ್ಲಿನ ವಿಗ್ರಹವು, ಕಾಲಬುಡದಲ್ಲಿ ಹನಿ ನೀರಿಲ್ಲದೆ, ಒಣ ಹುಲ್ಲಿನ ನಡುವೆ ಈಗಲೂ ನಿಂತಿದೆ.

ಅಲ್ಲಿಂದ 1643ರ ಅಂತರ್ಯುದ್ಧದ ರಣರಂಗವಾದ ಲಾನ್ಸ್‌ಡೌನ್ ದಿಣ್ಣೆಯನ್ನು ದಾಟಿದರೆ ಬಾತ್ ನಗರದ ಮಾಡುಗಳು ಕಾಣತೊಡಗುತ್ತವೆ. ನೆಲದೊಳಗಿನಿಂದ ಸುಮಾರು 46 ಡಿಗ್ರಿ ಬಿಸಿಯ ನೀರು ಉಕ್ಕುವ ಊರು ಅದು. ರೋಮನರು ಅಲ್ಲಿ ಸ್ನಾನಗೃಹಗಳನ್ನು ಕಟ್ಟಿದ್ದರು. ನಡೆದು ಬಂದವರು ಇಗರ್ಜಿಯ ಎದುರಿನ ಕಲ್ಲಿನ ಗುರುತಿನ ಮೇಲೆ ಕಾಲಿಟ್ಟು ಚೀಲ ಇಳಿಸುವರು.

ಇನ್ನೊಂದು ಸಂಗತಿ ಉಳಿದಿದೆ. 1949ರ ನಕ್ಷೆಗಳಲ್ಲಿ ಎಲ್ಲ ದಾರಿಗಳೂ ಸೇರಿರಲಿಲ್ಲ. 2000ದ ಕಾಯಿದೆಯೊಂದು, ನಕ್ಷೆಗೆ ಸೇರದ ಹಳೆಯ ದಾರಿಗಳ ಹಕ್ಕು 2026ಕ್ಕೆ ಅಳಿಯುವುದೆಂದು ಗಡುವು ಹಾಕಿತು. ಆಗ ನಡಿಗೆಯ ಸಂಘದವರು ಹಳೆಯ ಭೂಪಟಗಳನ್ನು ಹೊಸವುಗಳೊಡನೆ ಒತ್ತಟ್ಟಿಗಿಟ್ಟು ಹುಡುಕಿ, ಸುಮಾರು 49,000 ಮೈಲಿ ದಾರಿ ಬಿಟ್ಟುಹೋಗಿರಬಹುದೆಂದು ಕಂಡುಕೊಂಡರು. ಗಡುವನ್ನು 2031ಕ್ಕೆ ಮುಂದೂಡಿದರು. 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಮಾಡುವುದಾಗಿಯೇ ಸರಕಾರ ಸಾರಿತು. ಬೇಲಿ ಹಾಕಿದ ಕಾಲದ ಹಂಚಿಕೆಯ ಕಾಗದಗಳು ಈಗ ದಾರಿ ಬಿಡಿಸುವ ಸಾಕ್ಷಿಗಳಾಗಿವೆ.

ಪೋಷಕರಿಗಾಗಿ ಎರಡು ಮಾತು. ಅನುಭವದ ಹಕ್ಕುಗಳ ವಿಚಾರವಾಗಿ ನಮ್ಮಲ್ಲಿಯೂ 1882ರ ಭಾರತೀಯ ಕಾಯಿದೆಯೊಂದಿದೆ; ಆಗ ದಕ್ಷಿಣ ಕನ್ನಡವೂ ಕಾಸರಗೋಡೂ ಸೇರಿದ್ದ ಮದರಾಸು ಪ್ರಾಂತಕ್ಕೆ ಅದು ಮೊದಲಿನಿಂದಲೇ ಅನ್ವಯಿಸಿತು. ಅದರಲ್ಲಿಯೂ ದಾರಿಯ ಹಕ್ಕಿಗೆ ಅಡ್ಡಿಯಿಲ್ಲದ ಇಪ್ಪತ್ತು ವರ್ಷಗಳ ಬಳಕೆಯೇ ಅಳತೆ. ಆದರೆ ಆ ಹಕ್ಕು ಮುಖ್ಯವಾಗಿ ಒಂದು ಭೂಮಿಯ ಅನುಕೂಲಕ್ಕಾಗಿ ಇನ್ನೊಂದರ ಮೇಲೆ ಇರುವುದು; ಊರಿನ ಎಲ್ಲ ದಾರಿಗಳನ್ನೂ ಸಾರ್ವಜನಿಕವೆಂದು ನಕ್ಷೆಯಲ್ಲಿ ಬರೆದಿಡುವ ಇಂಗ್ಲಿಷ್ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವುಂಟು.

ವಿದ್ಯಾರ್ಥಿಗಳಿಗೆ ರಜೆಯ ಕೆಲಸ: ನಿಮ್ಮ ಮನೆಯಿಂದ ಶಾಲೆಗೆ ಬರುವ ಕಾಲುದಾರಿಯ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಸಂಕ, ತಡಮೆ, ಕಟ್ಟಪುಣಿ, ಗುಡ್ಡೆಯ ಓಣಿ, ದೊಡ್ಡ ಮರಗಳು, ಬಾವಿ ಇವುಗಳನ್ನು ಗುರುತಿಸಿರಿ. ಹಿಂದೆ ಇದ್ದು ಈಗ ಪಾಗಾರ ಬಂದು ನಿಂತುಹೋದ ದಾರಿಗಳನ್ನು ಅಜ್ಜ ಅಜ್ಜಿಯರಲ್ಲಿ ಕೇಳಿ ಚುಕ್ಕಿಗಳಿಂದ ತೋರಿಸಿರಿ. ಆ ದಾರಿಗೆ ಹೆಸರಿದ್ದರೆ ಅದನ್ನೂ, ಯಾವ ಕೆಲಸಕ್ಕೆ ಜನರು ಅದರಲ್ಲಿ ಹೋಗುತ್ತಿದ್ದರೆಂಬುದನ್ನೂ ಬದಿಯಲ್ಲಿ ಬರೆಯಿರಿ. ಬರೆದ ದಿನದ ತಾರೀಕನ್ನು ಹಾಕಲು ಮರೆಯಬೇಡಿ.